ನಿಖಾಹ್ ಮಸೀದಿಯಲ್ಲಿ, ಕಾಗದ ಕಚೇರಿಯಲ್ಲಿ: ಕೊರೋನ ಕಾಲದ ಮದುವೆಗಳ ಬಾಕಿ ಲೆಕ್ಕ

ಕೊರೋನ ಕಾಲದಲ್ಲಿ ನಡೆದ ಮದುವೆಗಳು ಬಹಳ ಸರಳವಾಗಿದ್ದವು. ಹಾಲ್ ಇಲ್ಲ, ನೂರಾರು ಬಿರಿಯಾನಿ ಪ್ಲೇಟ್ ಇಲ್ಲ, ಸಾಲ ಇಲ್ಲ. ಮನೆಯ ಜಗಲಿಯಲ್ಲಿ ಹತ್ತಿಪ್ಪತ್ತು ಜನ ಕೂತು ನಿಖಾಹ್ ಮುಗಿಸಿದರು. ಆಗ ನಾವೆಲ್ಲ ಅದನ್ನು ಹೊಗಳಿದೆವು, ಹೊಗಳಬೇಕಾದದ್ದೇ. ಆದರೆ ಆ ಸರಳ ಮದುವೆಗಳಲ್ಲಿ ಒಂದು ಕೆಲಸ ಬಾಕಿ ಉಳಿಯಿತು: ನೋಂದಣಿ. ಸರಕಾರಿ ಕಚೇರಿಗೆ ಬೀಗ, ರಸ್ತೆಯಲ್ಲಿ ಪೊಲೀಸ್, ಕೈಯಲ್ಲಿ ದುಡ್ಡಿಲ್ಲ. 'ಮತ್ತೆ ನೋಡೋಣ' ಅಂದವರು ಮತ್ತೆ ನೋಡಲೇ ಇಲ್ಲ. ಈಗ ಮಗುವಿನ ಶಾಲೆ, ಗಂಡನ ವೀಸಾ, ಪಿಎಫ್ ನಾಮಿನಿ ಅಂತ ಒಂದೊಂದೇ ಬಾಗಿಲು ತಟ್ಟುವಾಗ 'ಮ್ಯಾರೇಜ್ ಸರ್ಟಿಫಿಕೇಟ್ ಎಲ್ಲಿ?' ಎಂಬ ಪ್ರಶ್ನೆ ಎದುರಾಗುತ್ತಿದೆ.

ಕರಾವಳಿಯ ಓದುಗರಿಗೆ ವಾಡಿ ಅಂದರೆ ರೈಲು ನಿಲ್ಲುವ ದೊಡ್ಡ ಜಂಕ್ಷನ್, ಶಹಾಬಾದ್ ಅಂದರೆ ಮನೆಯ ಅಂಗಳಕ್ಕೆ ಹಾಸುವ ಕಲ್ಲು. ಮದರಸ ಪಾಠದ ನಿಮಿತ್ತ ಈ ಕಡೆ ಇರುವ ನನ್ನಂಥವರಿಗೆ ಸೇಡಂ, ಚಿತ್ತಾಪುರ, ಚಿಂಚೋಳಿಯ ಮಂದಿಯ ಕಷ್ಟವೂ ಸ್ವಲ್ಪ ಗೊತ್ತು. ಅವರ ಕಷ್ಟಕ್ಕೂ ನಮ್ಮೂರಿನ ಕಷ್ಟಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ.

ಮೊದಲ ಪೆಟ್ಟು ಕಲಬುರಗಿಗೆ

ಭಾರತದಲ್ಲಿ ಕೊರೋನದಿಂದ ಮೊದಲ ಸಾವು ಆದದ್ದು ಕಲಬುರಗಿಯಲ್ಲಿ. 2020ರ ಮಾರ್ಚ್ 10ರಂದು 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಸೌದಿಯಿಂದ ಬಂದು ಎರಡು ವಾರವೂ ಆಗಿರಲಿಲ್ಲ. ದೇಶಕ್ಕೆ ಬೀಗ ಬಿದ್ದದ್ದು ಮಾರ್ಚ್ 25ರಿಂದ. ಕಲಬುರಗಿಯ ಜನ ಅದಕ್ಕೆ ಮೊದಲೇ ಹೆದರಿ ಮನೆ ಸೇರಿದ್ದರು. ಶಹಾಬಾದ್, ವಾಡಿಯಲ್ಲೂ ಸೋಂಕು ಕಾಣಿಸಿ ಬೀದಿಗಳನ್ನು ಮುಚ್ಚಿದರು. ಕಲ್ಲಿನ ಗಣಿ ನಿಂತಿತು, ಮುಂಬೈ, ಪುಣೆ, ಹೈದರಾಬಾದ್‌ಗೆ ದುಡಿಯಲು ಹೋದವರು ಖಾಲಿ ಕೈಯಲ್ಲಿ ಮರಳಿದರು.

ರಮಳಾನ್ ಆ ವರ್ಷ ಲಾಕ್‌ಡೌನ್‌ನೊಳಗೇ ಬಂತು. ಶವ್ವಾಲ್‌ಗೆ ಅಂತ ಗೊತ್ತು ಮಾಡಿಟ್ಟಿದ್ದ ಮದುವೆಗಳು ಎಷ್ಟೋ. ಮೇ ತಿಂಗಳ ಕೇಂದ್ರ ಸರಕಾರದ ಆದೇಶದಲ್ಲಿ ಮದುವೆಗೆ 50 ಜನರ ಮಿತಿ ಇತ್ತು. ಎರಡನೇ ಅಲೆಯಲ್ಲಿ, 2021ರ ಜೂನ್ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಅದು 40ಕ್ಕೆ ಇಳಿಯಿತು. ಬೇರೆ ರಾಜ್ಯದಿಂದ ಮದುಮಗ ಬರಬೇಕಾದರೆ ಸೇವಾಸಿಂಧು ತಾಣದಲ್ಲಿ ಪಾಸ್‌ಗೆ ಅರ್ಜಿ ಹಾಕಬೇಕು. ಚಿಂಚೋಳಿ, ಸೇಡಂನವರಿಗೆ ತೆಲಂಗಾಣದ ತಾಂಡೂರು ಅಂದರೆ ಪಕ್ಕದ ಊರು. ಹೆಣ್ಣು ಕೊಡುವುದು, ತರುವುದು ಎರಡೂ ಕಡೆ ಇದೆ. ಒಂದು ದಿನ ಇದ್ದಕ್ಕಿದ್ದಂತೆ ಪಕ್ಕದ ಊರು ಪರದೇಶ ಆಯಿತು. ಕರಾವಳಿಯಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಜೇಶ್ವರ, ಉಪ್ಪಳದವರು ಅನುಭವಿಸಿದ್ದೂ ಇದನ್ನೇ.

ಲೈಸನ್ಸ್ ಬೇರೆ, ನೋಂದಣಿ ಬೇರೆ

ಆ ದಿನಗಳಲ್ಲಿ 'ಅಮೆರಿಕದಲ್ಲಿ ಮದುವೆಯ ಲೈಸನ್ಸ್ ಆನ್‌ಲೈನ್‌ನಲ್ಲಿ ಕೊಡ್ತಾರಂತೆ, ನಮ್ಮಲ್ಲಿ ಯಾಕಿಲ್ಲ?' ಅಂತ ಯುವಕರು ಕೇಳುತ್ತಿದ್ದರು. ಸುದ್ದಿ ನಿಜವೇ. 2020ರ ಏಪ್ರಿಲ್ 18ರಂದು ನ್ಯೂಯಾರ್ಕ್ ಗವರ್ನರ್ ಆಂಡ್ರ್ಯೂ ಕುವೊಮೊ ಆದೇಶ ಹೊರಡಿಸಿ, ಲೈಸನ್ಸ್‌ಗೆ ದೂರದಿಂದಲೇ ಅರ್ಜಿ ಹಾಕಲು, ವೀಡಿಯೊ ಕರೆಯಲ್ಲೇ ಮದುವೆ ನಡೆಸಲು ಅವಕಾಶ ಕೊಟ್ಟರು. ನಗರದ ಕ್ಲರ್ಕ್ ಕಚೇರಿ ಅದಕ್ಕೆ 'ಪ್ರಾಜೆಕ್ಟ್ ಕ್ಯುಪಿಡ್' ಎಂಬ ವ್ಯವಸ್ಥೆ ಮಾಡಿತು. ಯುಎಇಯ ನ್ಯಾಯ ಸಚಿವಾಲಯವೂ ಅದೇ ಏಪ್ರಿಲ್‌ನಲ್ಲಿ ಮದುವೆ ಕರಾರಿನ ಸೇವೆಯನ್ನು ಆನ್‌ಲೈನ್‌ಗೆ ತಂದಿತು.

ಆದರೆ ಲೈಸನ್ಸ್ ಅಂದರೆ ಮದುವೆಗೆ ಮೊದಲು ಪಡೆಯುವ ಅನುಮತಿ. ನಮ್ಮ ದೇಶದಲ್ಲಿ ನಿಖಾಹ್‌ಗೆ ಸರಕಾರದ ಲೈಸನ್ಸ್ ಬೇಕಿಲ್ಲ. ಮೊದಲು ನಿಖಾಹ್, ಆಮೇಲೆ ನೋಂದಣಿ. ಲೈಸನ್ಸ್‌ಗೆ ಸ್ವಲ್ಪ ಹತ್ತಿರದ್ದು ಅಂದರೆ 1954ರ ವಿಶೇಷ ವಿವಾಹ ಕಾಯ್ದೆಯ ನೋಟಿಸ್. ಅದರಲ್ಲಿ ಮದುವೆಗೆ ಮೊದಲು ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಬೇಕು, ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸ ನೋಟಿಸ್ ಕೊಡಬೇಕು. ಲಾಕ್‌ಡೌನ್‌ನಲ್ಲಿ ಕಚೇರಿ ಮುಚ್ಚಿ, ಮದುಮಗ ಗಲ್ಫ್‌ನಲ್ಲಿ ಸಿಕ್ಕಿಬಿದ್ದಾಗ ಈ ಮೂರು ತಿಂಗಳ ಲೆಕ್ಕ ಹಲವರಿಗೆ ಕಷ್ಟವಾಯಿತು.

ಕೊನೆಗೆ ದಾರಿ ತೋರಿದ್ದು ನ್ಯಾಯಾಲಯಗಳು. ಮದುವೆಯಾಗಿ ವಿದೇಶ ಸೇರಿದ್ದ ದಂಪತಿಯೊಂದರ ಪ್ರಕರಣದಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್, ವೀಡಿಯೊ ಕಾನ್ಫರೆನ್ಸ್ ಮೂಲಕ ಹಾಜರಾದರೂ ನೋಂದಣಿ ಮಾಡಿಕೊಡಿ ಎಂದಿತು. 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಮತ್ತು ದೆಹಲಿ ಹೈಕೋರ್ಟ್ ಕೂಡ ಇದೇ ಧಾಟಿಯಲ್ಲಿ ಹೇಳಿದವು. 'ಹಾಜರಾಗುವುದು' ಅಂದರೆ ಕಚೇರಿಯ ಮೇಜಿನ ಮುಂದೆ ನಿಲ್ಲುವುದು ಮಾತ್ರ ಅಲ್ಲ ಎಂಬ ಮಾತು ಹೀಗೆ ಗಟ್ಟಿಯಾಯಿತು.

ಫೋನಿನಲ್ಲಿ ನಿಖಾಹ್ ಆಗುತ್ತಾ?

ನೋಂದಣಿ ವೀಡಿಯೊದಲ್ಲಿ ಆಗಬಹುದಾದರೆ ನಿಖಾಹೂ ವೀಡಿಯೊದಲ್ಲಿ ಆಗಬಹುದಲ್ವಾ ಅಂತ ಕೇಳಿದವರಿದ್ದಾರೆ. ಇಲ್ಲಿ ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು.

ನಿಖಾಹ್‌ನಲ್ಲಿ ಈಜಾಬ್ ಮತ್ತು ಖಬೂಲ್, ಅಂದರೆ ಕೊಟ್ಟೆ ಎಂಬ ಮಾತು ಮತ್ತು ಒಪ್ಪಿದೆ ಎಂಬ ಮಾತು, ಒಂದೇ ಮಜ್ಲಿಸ್‌ನಲ್ಲಿ ಆಗಬೇಕು. ಸಾಕ್ಷಿಗಳು ಎರಡನ್ನೂ ಕೇಳಬೇಕು. ಕರಾವಳಿಯ ನಾವು ಶಾಫಿಈಗಳು, ನಮ್ಮಲ್ಲಿ ಹೆಣ್ಣಿನ ವಲಿ ಇಲ್ಲದೆ ನಿಖಾಹ್ ಇಲ್ಲ. ಕಲಬುರಗಿಯ ಕಡೆ ಹೆಚ್ಚಿನವರು ಹನಫಿಗಳು, ಅಲ್ಲಿ ವಲಿಯ ವಿಷಯದಲ್ಲಿ ನಿಯಮ ಸ್ವಲ್ಪ ಬೇರೆ. ಆದರೆ ಮಜ್ಲಿಸ್ ಮತ್ತು ಸಾಕ್ಷಿಗಳ ವಿಷಯದಲ್ಲಿ ಇಬ್ಬರ ಎಚ್ಚರವೂ ಒಂದೇ. ಜಿದ್ದಾದ ಅಂತಾರಾಷ್ಟ್ರೀಯ ಫಿಖ್ಹ್ ಅಕಾಡೆಮಿ 1990ರಲ್ಲೇ ಈ ಬಗ್ಗೆ ತೀರ್ಮಾನ ಮಾಡಿತ್ತು. ದೂರದ ಸಾಧನಗಳ ಮೂಲಕ ವ್ಯಾಪಾರದ ಕರಾರು ಆಗಬಹುದು, ನಿಖಾಹ್‌ಗೆ ಅದು ಅನ್ವಯಿಸದು, ಯಾಕೆಂದರೆ ಅದಕ್ಕೆ ಸಾಕ್ಷಿಗಳು ಬೇಕು ಎಂದು.

ಹಾಗಾದರೆ ದುಬೈಯಲ್ಲಿ ಸಿಕ್ಕಿಬಿದ್ದ ಹುಡುಗನ ಗತಿ? ಅದಕ್ಕೆ ಹಳೆಯ ದಾರಿಯೇ ಇದೆ: ವಕಾಲತ್. ಹುಡುಗ ಫೋನಿನಲ್ಲೋ ಪತ್ರದಲ್ಲೋ ಊರಿನ ಒಬ್ಬರನ್ನು ತನ್ನ ವಕೀಲನಾಗಿ, ಅಂದರೆ ಪ್ರತಿನಿಧಿಯಾಗಿ ನೇಮಿಸುತ್ತಾನೆ. ಆ ವಕೀಲ ಮಜ್ಲಿಸ್‌ನಲ್ಲಿ ಕೂತು, ಸಾಕ್ಷಿಗಳ ಮುಂದೆ, ಇಂಥವನಿಗಾಗಿ ಒಪ್ಪಿದೆ ಎನ್ನುತ್ತಾನೆ. ನಿಖಾಹ್ ಸಿಂಧು. ಉಮ್ಮು ಹಬೀಬ (ರ.ಅ.) ಅವರು ಹಬಶಾದಲ್ಲಿದ್ದಾಗ ಪ್ರವಾದಿಯವರೊಂದಿಗೆ (ಸ.ಅ.) ಅವರ ನಿಖಾಹ್ ಹೀಗೆ ಪ್ರತಿನಿಧಿಯ ಮೂಲಕ, ರಾಜ ನಜಾಶಿಯ ಊರಲ್ಲಿ ನಡೆದದ್ದು ಮದರಸದ ಮಕ್ಕಳಿಗೂ ಗೊತ್ತಿರುವ ಚರಿತ್ರೆ.

ಆದರೆ ಇಲ್ಲಿ ಒಂದು ತೊಡಕು. ವಕಾಲತ್‌ನಿಂದ ನಡೆದ ನಿಖಾಹ್‌ನ ದಫ್ತರ್‌ನಲ್ಲಿ ಮದುಮಗನ ಸಹಿ ಇರುವುದಿಲ್ಲ, ವಕೀಲನ ಸಹಿ ಇರುತ್ತದೆ. ಧಾರ್ಮಿಕವಾಗಿ ಕೊರತೆ ಏನೂ ಇಲ್ಲ. ಆದರೆ ನಾಳೆ ನೋಂದಣಿಗೆ ಹೋದಾಗ 'ಮದುವೆಯ ದಿನ ಗಂಡು ದೇಶದಲ್ಲೇ ಇರಲಿಲ್ಲವಲ್ಲ, ಪಾಸ್‌ಪೋರ್ಟ್‌ನಲ್ಲಿ ಮುದ್ರೆ ನೋಡಿ' ಅಂತ ಕಚೇರಿಯವರು ಕೇಳಿದರೆ ಉತ್ತರ ಬೇಕು. ಆದ್ದರಿಂದ ವಕಾಲತ್ ಕೊಟ್ಟ ಪತ್ರ, ವಕೀಲನ ಗುರುತು, ಸಾಕ್ಷಿಗಳ ಆಧಾರ್ ಪ್ರತಿ ಎಲ್ಲವನ್ನೂ ನಿಖಾಹ್‌ನಾಮಾದ ಜೊತೆಗೇ ಪಿನ್ ಮಾಡಿ ಇಡಬೇಕು.

ಎರಡು ಊರು, ಎರಡು ದಫ್ತರ್

ನಮ್ಮಲ್ಲಿ ಮಸೀದಿಯ ಜಮಾಅತ್ ಕಮಿಟಿಯೇ ನಿಖಾಹ್ ದಫ್ತರ್ ಇಡುತ್ತದೆ. ಬೇರೆ ಜಮಾಅತ್‌ನ ಹುಡುಗನಾದರೆ ಅಲ್ಲಿಂದ ಪತ್ರ ತರಬೇಕು, ಖತೀಬರು ನೋಡಬೇಕು, ಕಾರ್ಯದರ್ಶಿ ರಶೀದಿ ಬರೆಯಬೇಕು. ಕಲಬುರಗಿ ಜಿಲ್ಲೆ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಕಾಲದಿಂದ ಬಂದ ಖಾಝಿಗಳ ಪದ್ಧತಿ ಈ ಕಡೆ ಬಲವಾಗಿದೆ. ಹೈದರಾಬಾದ್ ಸೀಮೆಯಲ್ಲಿ ಖಾಝಿಯ ದಾಖಲೆಗೆ 'ಸಿಯಾಹ' ಅನ್ನುತ್ತಾರೆ. ಪಕ್ಕದ ತೆಲಂಗಾಣದಲ್ಲಿ ಆ ಸಿಯಾಹ ನೋಡಿ ವಕ್ಫ್ ಮಂಡಳಿ ಮದುವೆ ಪ್ರಮಾಣಪತ್ರ ಕೊಡುವ ರೂಢಿ ಇದೆ. ತಾಂಡೂರಿನ ಅಣ್ಣನಿಗೆ ಅಲ್ಲಿ ಪತ್ರ ಸಿಗುತ್ತದೆ, ಚಿಂಚೋಳಿಯ ತಮ್ಮ ಬೇರೆ ದಾರಿ ಹುಡುಕಬೇಕು.

1880ರ ಖಾಝಿಗಳ ಕಾಯ್ದೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ಖಾಝಿಗೆ ಈ ಕಾಯ್ದೆಯಿಂದ ಆಡಳಿತದ ಅಧಿಕಾರವೇನೂ ಬರುವುದಿಲ್ಲ, ಖಾಝಿ ಇದ್ದರೆ ಮಾತ್ರ ಮದುವೆ ಎಂಬ ಕಡ್ಡಾಯವೂ ಇಲ್ಲ. ಹಾಗಾಗಿ ಖಾಝಿಯ ಕಾಗದವಾಗಲಿ ಜಮಾಅತ್‌ನ ಕಾಗದವಾಗಲಿ ಮದುವೆ ನಡೆದದ್ದಕ್ಕೆ ಒಳ್ಳೆಯ ಪುರಾವೆ, ಆದರೆ ಸರಕಾರಿ ಪ್ರಮಾಣಪತ್ರ ಅಲ್ಲ.

ಶಹಾಬಾದ್‌ನ ಹಿರಿಯರೊಬ್ಬರು ಬಂದು ಕೇಳಿದ್ದು ಹೀಗೆ: "ಹಜರತ್, ಮಗಳ ಶಾದಿ ಲಾಕ್‌ಡೌನ್‌ದಾಗ ಆಗೇದರಿ. ಅಳಿಯಾ ಸೌದಿಗಿ ಕರ್ಸ್ಕೋತೀನಿ ಅಂತಾನ. ಸರ್ಟಿಫಿಕೇಟ್ ಕೇಳ್ಯಾರ. ಉರ್ದುದಾಗ ಬರದ ಕಾಗದ ಒಂದೇ ಅದರಿ, ಇದು ನಡಿತದೇನ್ರಿ?" ಆ ಒಂದು ಕಾಗದ ನಡೆಯುವುದಿಲ್ಲ ಎಂದು ಹೇಳುವುದು ಸುಲಭವಲ್ಲ. ಸೌದಿ 2022ರ ಡಿಸೆಂಬರ್‌ನಿಂದ ಅಪೊಸ್ಟಿಲ್ ಒಪ್ಪಂದದಲ್ಲಿದೆ, ಹಾಗಾಗಿ ಪತ್ರಕ್ಕೆ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಬಿದ್ದರೆ ಸಾಕು. ಯುಎಇಗೆ ಆದರೆ ಅವರ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಆದರೆ ಎರಡಕ್ಕೂ ಮೊದಲು ಕೈಯಲ್ಲಿ ಸರಕಾರಿ ಪ್ರಮಾಣಪತ್ರ ಇರಬೇಕು.

ವಕ್ಫ್ ಮಂಡಳಿಯ ಪತ್ರ ಏನಾಯಿತು?

ಈ ಕಷ್ಟ ನೋಡಿಯೇ ಇರಬೇಕು, 2023ರ ಆಗಸ್ಟ್‌ನಲ್ಲಿ ರಾಜ್ಯ ಸರಕಾರ ಒಂದು ಆದೇಶ ಹೊರಡಿಸಿ, ಮುಸ್ಲಿಂ ದಂಪತಿಗಳಿಗೆ ಮದುವೆ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ರಾಜ್ಯ ವಕ್ಫ್ ಮಂಡಳಿಗೆ ಮತ್ತು ಜಿಲ್ಲಾ ವಕ್ಫ್ ಅಧಿಕಾರಿಗಳಿಗೆ ನೀಡಿತು. ಜನ ಖುಷಿಪಟ್ಟರು. ಆದರೆ ಎ. ಆಲಂ ಪಾಷಾ ಅವರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. 1995ರ ವಕ್ಫ್ ಕಾಯ್ದೆಯಲ್ಲಿ ಇಂಥ ಅಧಿಕಾರವೇ ಇಲ್ಲ ಎಂಬುದು ವಾದ. 2024ರ ನವೆಂಬರ್‌ನಲ್ಲಿ ರಾಜ್ಯ ಹೈಕೋರ್ಟ್ ಆ ಆದೇಶಕ್ಕೆ ಮಧ್ಯಂತರ ತಡೆ ನೀಡಿತು.

ಹಾಗಾದರೆ ದಾರಿ ಯಾವುದು? 2006ರ ಫೆಬ್ರವರಿ 14ರಂದು ಸೀಮಾ ವಿರುದ್ಧ ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಾವ ಧರ್ಮದವರದ್ದೇ ಆಗಲಿ, ಎಲ್ಲ ಮದುವೆಗಳ ನೋಂದಣಿ ಕಡ್ಡಾಯ ಮಾಡಿ ಎಂದು ರಾಜ್ಯಗಳಿಗೆ ಹೇಳಿತು. ನಮ್ಮ ರಾಜ್ಯದಲ್ಲಿ ಅದಕ್ಕೂ ಮೊದಲೇ ಕರ್ನಾಟಕ ವಿವಾಹಗಳ ನೋಂದಣಿ ಕಾಯ್ದೆ, 1976 ಇದೆ. ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಈ ಕೆಲಸ ಆಗುತ್ತದೆ. ನೋಂದಣಿ ಇಲ್ಲ ಎಂಬ ಕಾರಣಕ್ಕೆ ನಿಖಾಹ್ ಅಸಿಂಧು ಆಗುವುದಿಲ್ಲ. ನೋಂದಣಿ ಅದಕ್ಕೆ ಪುರಾವೆ ಅಷ್ಟೇ. ಕೆಲವರಲ್ಲಿ ಇರುವ ಭಯ ಮತ್ತು ಕೆಲವರಲ್ಲಿ ಇರುವ ಉದಾಸೀನ ಎರಡಕ್ಕೂ ಇದೇ ಉತ್ತರ.

ಆನ್‌ಲೈನ್ ವಿಷಯಕ್ಕೆ ಬಂದರೆ, 2024ರ ಫೆಬ್ರವರಿಯಲ್ಲಿ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಬೆಂಗಳೂರಿನ ಮಲ್ಲೇಶ್ವರದಲ್ಲಿ ಕಾವೇರಿ 2.0 ತಂತ್ರಾಂಶದ ಆನ್‌ಲೈನ್ ವಿವಾಹ ನೋಂದಣಿಗೆ ಚಾಲನೆ ಕೊಟ್ಟರು. ಅದು ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಗಳಿಗೆ. ನಿಖಾಹ್‌ಗೂ ಅಂಥ ಸೌಲಭ್ಯ ಬರಬೇಕು ಎಂದು ನಮ್ಮ ಜಮಾಅತ್‌ಗಳು, ಒಕ್ಕೂಟಗಳು ಸರಕಾರಕ್ಕೆ ಮನವಿ ಕೊಡುವುದರಲ್ಲಿ ತಪ್ಪೇನಿಲ್ಲ.

ಕಚೇರಿಗೆ ಹೋದವರು ಒಂದು ಪ್ರಶ್ನೆಯನ್ನು ಕೇಳಲೇಬೇಕು: 'ಸಾರ್, ಇದನ್ನು ಯಾವ ಕಾಯ್ದೆಯಡಿ ನೋಂದಣಿ ಮಾಡುತ್ತೀರಿ?' ವಿಶೇಷ ವಿವಾಹ ಕಾಯ್ದೆಯಡಿ, ಈಗಾಗಲೇ ಆದ ಮದುವೆಯನ್ನೂ ನೋಂದಾಯಿಸಬಹುದು. ಆದರೆ ಹಾಗೆ ಮಾಡಿದರೆ ಆಸ್ತಿ ಹಂಚಿಕೆಗೆ ಶರೀಅತ್‌ನ ಫರಾಯಿಳ್ ಬದಲು ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯವಾಗುತ್ತದೆ. ಕಾಸರಗೋಡು ಜಿಲ್ಲೆಯ ವಕೀಲ, ಚಿತ್ರನಟ ಸಿ. ಶುಕ್ಕೂರ್ 2023ರ ಮಾರ್ಚ್ 8ರಂದು ತಮ್ಮ ಪತ್ನಿಯನ್ನೇ ಹೊಸದುರ್ಗದ ಕಚೇರಿಯಲ್ಲಿ ಈ ಕಾಯ್ದೆಯಡಿ ಮತ್ತೆ ಮದುವೆಯಾದದ್ದು ಇದೇ ಕಾರಣಕ್ಕೆ. ತಮ್ಮ ಆಸ್ತಿ ಪೂರ್ತಿ ಹೆಣ್ಣುಮಕ್ಕಳಿಗೇ ಹೋಗಲಿ ಎಂದು. ಅದರ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ಅವರು ತಿಳಿದೇ ಮಾಡಿದರು. ಆದರೆ ಬರೀ ವೀಸಾಕ್ಕೆ ಸರ್ಟಿಫಿಕೇಟ್ ಬೇಕೆಂದು ಹೋದವರು, ಎಲ್ಲಿ ಸಹಿ ಹಾಕುತ್ತಿದ್ದೇವೆ ಎಂದು ತಿಳಿಯದೆ ಹಾಕಬಾರದು.

ಗಡಿಯಾಚೆ ಸುಲಭ

ಮಂಜೇಶ್ವರ, ಕುಂಬಳೆ, ಕಾಸರಗೋಡಿನ ನಮ್ಮವರಿಗೆ ಈ ತೊಂದರೆ ಕಡಿಮೆ. ಕೇರಳದ 2008ರ ನಿಯಮದಂತೆ ಧರ್ಮ ಯಾವುದೇ ಇರಲಿ, ಮದುವೆಯಾಗಿ 45 ದಿನದೊಳಗೆ ಸ್ಥಳೀಯ ಸಂಸ್ಥೆಯಲ್ಲಿ ನೋಂದಣಿ ಮಾಡಬೇಕು. ಪಂಚಾಯತ್ ಕಚೇರಿಯೇ ಸಾಕು, ತಾಲೂಕು ಕೇಂದ್ರಕ್ಕೆ ಅಲೆಯಬೇಕಿಲ್ಲ. 2024ರ ಜನವರಿ 1ರಿಂದ ನಗರಗಳಲ್ಲಿ ಆರಂಭವಾದ ಕೆ-ಸ್ಮಾರ್ಟ್ ವ್ಯವಸ್ಥೆಯಲ್ಲಿ ವಿದೇಶದಲ್ಲಿರುವವರೂ ವೀಡಿಯೊದಲ್ಲಿ ಗುರುತು ದೃಢಪಡಿಸಿ ಮದುವೆ ನೋಂದಣಿ ಮಾಡಿಕೊಳ್ಳಬಹುದು. ಕೊರೋನ ಕಾಲದಲ್ಲಿ ಕೋರ್ಟಿಗೆ ಹೋಗಿ ಪಡೆದದ್ದು ಈಗ ಮೊಬೈಲ್‌ನಲ್ಲೇ ಸಿಗುತ್ತಿದೆ.

ಹೆಸರು ಒಂದು, ಸ್ಪೆಲ್ಲಿಂಗ್ ಮೂರು

ಅರ್ಜಿ ತಿರಸ್ಕಾರ ಆಗುವುದು ದೊಡ್ಡ ಕಾನೂನಿನ ತೊಡಕಿನಿಂದ ಅಲ್ಲ, ಸಣ್ಣ ಅಕ್ಷರದ ತಪ್ಪಿನಿಂದ. ಶಾಲೆಯ ದಾಖಲೆಯಲ್ಲಿ ಫಾತಿಮಾ ಬೀ, ಆಧಾರ್‌ನಲ್ಲಿ ಫಾತಿಮಾ ಬೇಗಂ, ನಿಖಾಹ್‌ನಾಮಾದಲ್ಲಿ ಬರೀ ಫಾತಿಮಾ. ಉರ್ದುವಿನಲ್ಲಿ ಮೂರೂ ಒಬ್ಬಳೇ, ಕಂಪ್ಯೂಟರಿಗೆ ಮೂವರು. ಮುಹಮ್ಮದ್, ಮಹಮ್ಮದ್, ಮೊಹಮ್ಮದ್ ಎಂಬ ಗೊಂದಲ ನಮ್ಮಲ್ಲೂ ಇದ್ದೇ ಇದೆ.

ತಾರೀಖಿನದ್ದು ಇನ್ನೊಂದು ಕತೆ. 2020ರಲ್ಲಿ ಕರಾವಳಿಯಲ್ಲಿ ಈದುಲ್ ಫಿತ್ರ್ ಮೇ 24ಕ್ಕೆ, ಕಲಬುರಗಿ ಕಡೆ ಮೇ 25ಕ್ಕೆ. ನಿಖಾಹ್‌ನಾಮಾದಲ್ಲಿ ಬರೀ 'ಶವ್ವಾಲ್ 5' ಎಂದು ಬರೆದಿದ್ದರೆ ಮಂಗಳೂರಿನಲ್ಲಿ ಅದು ಮೇ 28, ವಾಡಿಯಲ್ಲಿ ಮೇ 29. ಸಾಲದ್ದಕ್ಕೆ ಹಿಜ್ರಿ ದಿನ ಮಗ್ರಿಬ್‌ಗೇ ಬದಲಾಗುತ್ತದೆ, ಇಶಾ ಬಳಿಕ ನಡೆದ ನಿಖಾಹ್‌ಗೆ ಮರುದಿನದ ತಾರೀಖು ಬೀಳುತ್ತದೆ. ಅರ್ಜಿಯಲ್ಲಿ ಒಂದು ದಿನ, ಕಾಗದದಲ್ಲಿ ಇನ್ನೊಂದು ದಿನ ಆದರೆ 'ಸರಿ ಮಾಡಿಕೊಂಡು ಬನ್ನಿ' ಎಂಬ ಉತ್ತರ ಗ್ಯಾರಂಟಿ.

ಮೂರನೆಯದು ಒಟಿಪಿ. ಹೆಂಡತಿಯ ಆಧಾರ್‌ಗೆ ಕೊಟ್ಟ ನಂಬರ್ ತಂದೆಯದ್ದು, ತಂದೆ ದುಡಿಯುತ್ತಿರುವುದು ಪುಣೆಯಲ್ಲಿ. ಸೆಂಟರ್‌ನಲ್ಲಿ ಕೂತು ಫೋನ್ ಮಾಡಿ ಒಟಿಪಿ ಕೇಳುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಅರ್ಜಿಗೆ ಮೊದಲು ಹೆಣ್ಣುಮಕ್ಕಳ ಆಧಾರ್‌ಗೆ ಅವರದ್ದೇ ನಂಬರ್ ಸೇರಿಸುವುದು ಒಳ್ಳೆಯದು.

ನಷ್ಟ ಹೆಣ್ಣಿಗೆ

ಕಾಗದ ಇಲ್ಲದಿದ್ದರೆ ಗಂಡಸಿಗೆ ಆಗುವುದು ಹೆಚ್ಚೆಂದರೆ ಓಡಾಟ. ಹೆಣ್ಣಿಗೆ ಆಗುವುದು ನಷ್ಟ. ಎರಡನೇ ಅಲೆಯಲ್ಲಿ ಗಂಡನನ್ನು ಕಳೆದುಕೊಂಡವರನ್ನು ನೆನೆಯಿರಿ. ಕೊರೋನದಿಂದ ಸತ್ತವರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ, ದುಡಿಯುವ ಕೈ ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ ರಾಜ್ಯದಿಂದ 1 ಲಕ್ಷ ಘೋಷಣೆಯಾಯಿತು. ವಾರಸುದಾರಳು ತಾನೇ ಎಂದು ತೋರಿಸಬೇಕಾದದ್ದು ಹೆಂಡತಿ. ರೇಷನ್ ಕಾರ್ಡ್‌ನಲ್ಲಿ ಇನ್ನೂ ತವರಿನ ಹೆಸರು, ಆಧಾರ್‌ನಲ್ಲಿ ತಂದೆಯ ಹೆಸರು ಇದ್ದವಳ ಪಾಡು ಏನು? ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಯ ಕಾರ್ಮಿಕರ ಪಿಎಫ್, ಪಿಂಚಣಿ ವಿಷಯದಲ್ಲೂ ಇದೇ ಪ್ರಶ್ನೆ ಬರುತ್ತದೆ. ಮಹರ್ ಎಷ್ಟು, ಕೊಟ್ಟದ್ದೆಷ್ಟು, ಬಾಕಿ ಎಷ್ಟು ಎಂಬುದಕ್ಕೂ ಬರಹ ಇಲ್ಲದಿದ್ದರೆ ಅವಳ ಮಾತನ್ನು ಕೇಳುವವರು ಯಾರು?

ಇನ್ನೊಂದನ್ನೂ ಮುಚ್ಚಿಡಬಾರದು. ಲಾಕ್‌ಡೌನ್‌ನ ಗುಟ್ಟು ಮದುವೆಗಳಲ್ಲಿ ಎಳೆಯ ಹುಡುಗಿಯರ ಮದುವೆಗಳೂ ಸೇರಿದ್ದವು. ಶಾಲೆ ಮುಚ್ಚಿದೆ, ಖರ್ಚು ಕಡಿಮೆ, ಕೇಳುವವರಿಲ್ಲ ಎಂಬ ಲೆಕ್ಕ. ಕರ್ನಾಟಕದ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಹೆಣ್ಣಿಗೆ 18, ಗಂಡಿಗೆ 21 ತುಂಬಿರಲೇಬೇಕು. ಇಂಥ ಮದುವೆಗೆ ಯಾವ ಕಚೇರಿಯಲ್ಲೂ ಪತ್ರ ಸಿಗದು, ಮತ್ತು ಆ ಹುಡುಗಿಗೆ ಮುಂದೆ ಯಾವ ಹಕ್ಕಿಗೂ ದಾಖಲೆ ಇರದು. ಖತೀಬರು, ಖಾಝಿಗಳು ನಿಖಾಹ್‌ಗೆ ಮೊದಲು ವಯಸ್ಸಿನ ದಾಖಲೆ ನೋಡುವುದು ಇದಕ್ಕಾಗಿಯೇ. ನೋಡದವರು ಇನ್ನಾದರೂ ನೋಡಬೇಕು. ಮಕ್ಕಳ ಸಹಾಯವಾಣಿ 1098.

ಜಮಾಅತ್‌ಗಳು ಮಾಡಬಹುದಾದದ್ದು

ಖರ್ಚಿಲ್ಲದ ಕೆಲವು ಕೆಲಸಗಳಿವೆ. ನಿಖಾಹ್ ದಫ್ತರ್‌ನಲ್ಲಿ ಹೆಸರನ್ನು ಆಧಾರ್ ನೋಡಿ, ಕನ್ನಡ ಅಥವಾ ಇಂಗ್ಲಿಷ್‌ನಲ್ಲೂ ಬರೆಯಿರಿ. ಹಿಜ್ರಿಯ ಜೊತೆ ಇಂಗ್ಲಿಷ್ ತಾರೀಖು, ನಿಖಾಹ್ ನಡೆದ ಸಮಯ ಮತ್ತು ಸ್ಥಳ ಹಾಕಿ. ಸಾಕ್ಷಿಗಳ ಪೂರ್ತಿ ವಿಳಾಸ ಬರೆಯಿರಿ, ಮೂವರು ಇದ್ದರೆ ಇನ್ನೂ ಒಳ್ಳೆಯದು. ಮಹರ್‌ನ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ನಮೂದಿಸಿ. ನಿಖಾಹ್‌ನ ಒಂದು ಫೋಟೊ, ಆಮಂತ್ರಣದ ಒಂದು ಪ್ರತಿ ಕಡತದಲ್ಲಿರಲಿ. ಹೆಣ್ಣಿನ ಕೈಗೂ ಒಂದು ಪ್ರತಿ ಕೊಡಿ, ಗಂಡನ ಮನೆಯ ಕಪಾಟಿನಲ್ಲಿ ಮಾತ್ರ ಇರುವುದು ಬೇಡ.

2020 ಮತ್ತು 2021ರ ದಫ್ತರ್‌ಗಳನ್ನು ಒಮ್ಮೆ ತೆರೆದು ನೋಡಿ. ಆ ಎರಡು ವರ್ಷ ನಿಖಾಹ್ ಆದವರಲ್ಲಿ ನೋಂದಣಿ ಆಗದವರು ಯಾರು ಎಂದು ಪಟ್ಟಿ ಮಾಡಿ, ಓದು ಬರಹ ತಿಳಿದ ಇಬ್ಬರು ಯುವಕರನ್ನು ಜೊತೆ ಮಾಡಿ ಕಚೇರಿಗೆ ಕಳುಹಿಸಿ. ಅಂದಿನ ಸಾಕ್ಷಿಗಳಲ್ಲಿ ಕೆಲವರು ಅದೇ ರೋಗದಲ್ಲಿ ತೀರಿಕೊಂಡಿದ್ದಾರೆ, ಕೆಲವರಿಗೆ ವಯಸ್ಸಾಗಿದೆ. ಕಂಡದ್ದನ್ನು ಹೇಳಬಲ್ಲವರು ಇರುವಾಗಲೇ ಈ ಕೆಲಸ ಮುಗಿಯಬೇಕು.